ಗಂಗತ್ತೆಯ ಹಣೆ

ಬೆಳಿಗ್ಗೆ ಕಿಟಕಿ ತೆಗೆದರೆ ಮತ್ತೆ ಅದೇ ವಾಸನೆ. ನೀವು ಕಡೂರಿನ ಈ ಭಾಗದವರಾಗಿದ್ದರೆ ಹೇಳಬೇಕಾಗಿಲ್ಲ. ಅಲ್ಲದಿದ್ದರೆ ಕೇಳಿ: ರೈಲು ಹಳಿಯ ಆಚೆ, ಜಾಲಿ ಗಿಡಗಳ ಮರೆಯಲ್ಲಿ, ಯಾರೋ ಹಳೆಯ ಕಂಪ್ಯೂಟರುಗಳ ವೈರುಗಳನ್ನು ರಾಶಿ ಹಾಕಿ ಸುಡುತ್ತಾರೆ. ಮೇಲಿನ ಪ್ಲಾಸ್ಟಿಕ್ಕು ಕರಗಿಹೋದರೆ ಒಳಗಿನ ತಾಮ್ರ ಉಳಿಯುತ್ತದೆ. ತಾಮ್ರ ಅವರಿಗೆ, ಹೊಗೆ ನಮಗೆ. ಕಂಪ್ಯೂಟರಿಗೆ ದೇಹವೇ ಇಲ್ಲ, ಎಲ್ಲವೂ ಎಲ್ಲೋ ಮೋಡದಲ್ಲಿದೆ ಎಂದು ಹೇಳುವವರನ್ನು ಒಂದು ಬೆಳಿಗ್ಗೆ ನಮ್ಮ ಕಿಟಕಿಯ ಮುಂದೆ ನಿಲ್ಲಿಸಬೇಕು. ಹೆಣ ಇದೆ ಎಂದ ಮೇಲೆ ದೇಹ ಇತ್ತು ಎಂದೇ ಅರ್ಥ.

ಈ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನಗೆ ಗಂಗತ್ತೆಯ ನೆನಪು. ಅವಳ ಕಂಪ್ಯೂಟರು ಬಿಸಿಯಾದಾಗ ಇಂಥದೇ ಒಂದು ವಾಸನೆ ಬರುತ್ತಿತ್ತು. ಅಥವಾ ಬರುತ್ತಿತ್ತು ಎಂದು ನಾನು ಅಂದುಕೊಂಡಿದ್ದೇನೆ. ಈಚೆಗೆ ಯಾವ ನೆನಪನ್ನು ಹೇಳಹೊರಟರೂ ಈ 'ಅಥವಾ' ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಸಹಿಸಿಕೊಳ್ಳಿ.

ಗಂಗತ್ತೆ ನನ್ನ ತಂದೆಯ ತಂಗಿ. ಗಂಡ ಬೇಗ ತೀರಿಕೊಂಡ ಮೇಲೆ ತರೀಕೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿ ಬದುಕಿದವಳು. ಪಿಯುಸಿ ಓದುವಾಗ ನಾನು ಅವಳ ಮನೆಯಲ್ಲಿದ್ದೆ. ಮುಂದಿನ ಕೋಣೆಯಲ್ಲಿ ಟೈಪ್‌ರೈಟರುಗಳ ಸಾಲು, ಹಿಂದಿನ ಕೋಣೆಯಲ್ಲಿ ನಾವು. ಲಿಂಗದಹಳ್ಳಿ ಕಡೆಯ ಮೊದಲ ಬಸ್ಸಿಗೆ ಬಂದ ಹುಡುಗಿಯರು ಕುಟ್ಟಲು ಶುರುಮಾಡಿದರೆಂದರೆ ನನಗೆ ಎಚ್ಚರ. ಆಮೇಲೆ ಒಂದು ದಿನ ಆ ಸಾಲಿನ ಕೊನೆಗೆ ಕಂಪ್ಯೂಟರು ಬಂದು ಕೂತಿತು. ಹೊಸ ಸೊಸೆಗೂ ನಮ್ಮ ಮನೆಯಲ್ಲಿ ಅಷ್ಟು ಮರ್ಯಾದೆ ಸಿಕ್ಕಿದ್ದಿಲ್ಲ. ಅದಕ್ಕೆಂದೇ ಹಳೆಯ ರೇಷ್ಮೆ ಸೀರೆಯ ಸೆರಗು ಕತ್ತರಿಸಿ ಹೊದಿಕೆ ಹೊಲಿದಳು. ಎಲ್ಲರೂ ಚಪ್ಪಲಿ ಹೊರಗೇ ಬಿಡಬೇಕು. ಬೆಳಿಗ್ಗೆ ಸ್ನಾನವಾಗಿ, ಲಿಂಗಪೂಜೆ ಮುಗಿದ ಮೇಲೆ, ತನ್ನ ಹಣೆಗೆ ವಿಭೂತಿ ಇಟ್ಟುಕೊಂಡ ಬೆರಳಿನಲ್ಲೇ ಅದರ ಹಣೆಗೂ ಮೂರು ಬೆರಳು ಎಳೆಯುತ್ತಿದ್ದಳು. ಅದರ ಹಣೆ ಎಂದರೆ ಫ್ಲಾಪಿ ತೂರಿಸುವ ಸೀಳಿನ ಮೇಲ್ಭಾಗ.

ವಿಭೂತಿ ಒಣಗಿದರೆ ಉದುರುತ್ತದೆ. ಉದುರಿದ್ದು ಎಲ್ಲಿಗೆ ಹೋಗಬೇಕು? ಕೆಲವು ತಿಂಗಳಲ್ಲಿ ಯಂತ್ರ ಫ್ಲಾಪಿ ನುಂಗುವುದನ್ನು ನಿಲ್ಲಿಸಿತು. ಶಿವಮೊಗ್ಗದಿಂದ ಬಂದ ಮೆಕ್ಯಾನಿಕ್ಕು ಬಿಚ್ಚಿ ನೋಡಿ ಬೆಚ್ಚಿದ.

"ಅಕ್ಕಾರೇ, ಇದ್ರೊಳಗೆ ಒಲೆ ಗಿಲೆ ಹಚ್ಚಿದ್ರಾ ಹೆಂಗೆ?"

"ಒಲೆ ಬೂದಿ ಅಲ್ಲ ಕಣಪ್ಪಾ, ವಿಭೂತಿ ಅದು. ಇಷ್ಟು ಭಕ್ತಿ ತಡ್ಕೊಳ್ಳಾಕಾಗ್ದಿದ್ರೆ ಅದೆಂಥಾ ಮಿಷಿನ್ನೋ ನಿಂದು!"

ಅಂದಿನಿಂದ ಮೂರು ಬೆರಳು ಮೇಜಿನ ಕಾಲಿಗೆ ಇಳಿದವು. ಯಂತ್ರಕ್ಕೂ ಅವಳ ವಿಭೂತಿಗೂ ಕೂಡಿಬರಲಿಲ್ಲ ಎಂದು ಆಗ ನಕ್ಕಿದ್ದೆವು. ಅದು ಸೇಡು ಇಟ್ಟುಕೊಂಡಿತ್ತು ಎಂದು ಈಗ ಅನ್ನಿಸುತ್ತಿದೆ.

ಗಂಗತ್ತೆ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಕೊನೆಕೊನೆಗೆ ನಾವ್ಯಾರೂ ತರೀಕೆರೆಗೆ ಹೋಗಿಬರುವುದೇ ಅಪರೂಪವಾಗಿತ್ತು. ಅಜ್ಜಂಪುರದಲ್ಲಿ ನನ್ನ ಅಕ್ಕನ ಮನೆಯಲ್ಲಿ ವರ್ಷದ ಪುಣ್ಯತಿಥಿ ಎಂದು ನಿಶ್ಚಯವಾಯಿತು. ಪೂಜೆಗೆ ದೊಡ್ಡ ಫೋಟೋ ಬೇಕಲ್ಲ. ಅಕ್ಕನ ಮಗಳು ನಂದಿನಿ ಇಲ್ಲೇ ಕಡೂರಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾಳೆ. ಹುಟ್ಟುಹಬ್ಬ, ಗೃಹಪ್ರವೇಶ, ಕಣ್ಣೀರಿನ ಶ್ರದ್ಧಾಂಜಲಿ, ಎಲ್ಲ ಅವಳ ಕೈಯಲ್ಲೇ. ಗಂಗತ್ತೆ ಫೋಟೋಕ್ಕೆ ಕೂರುವವಳಲ್ಲ. ಇದ್ದದ್ದು ಒಂದೇ, ಇನ್‌ಸ್ಟಿಟ್ಯೂಟಿನಲ್ಲಿ ಯಂತ್ರದ ಪಕ್ಕ ನಿಂತು ತೆಗೆಸಿಕೊಂಡದ್ದು. ನಂದಿನಿ ಅದನ್ನು ಮೊದಲು ಗಾಜಿನ ಮೇಲಿಂದಲೇ ಫೋನಿನಲ್ಲಿ ತೆಗೆದುಕೊಂಡಳು. ಆಮೇಲೆ ಚೌಕಟ್ಟು ಬಿಚ್ಚಿದರೆ, ತೇವಕ್ಕೆ ಗಾಜಿಗೆ ಅಂಟಿಕೊಂಡಿದ್ದ ಮುಖ ಚಕ್ಕೆಚಕ್ಕೆಯಾಗಿ ಎದ್ದು ಬಂತಂತೆ. ಫೋನಿನಲ್ಲಿದ್ದದ್ದನ್ನೇ ಯಾವುದೋ ಎ.ಐ.ಗೆ ಕೊಟ್ಟು ರಿಪೇರಿ ಮಾಡಿಸಿದಳು.

ಅಂಗಡಿಗೆ ಕರೆದು ಪರದೆ ತೋರಿಸಿದಳು. "ಹೆಂಗೈತೆ ಮಾಮ? ಗಂಗಜ್ಜಿ ಈಗ ಮಾತಾಡ್ತಾರೇನೋ ಅನ್ನಂಗಿಲ್ವಾ?"

ಅನ್ನಿಸುತ್ತಿತ್ತು, ನಿಜ. ಸೀರೆಯ ಜರಿ ಎಳೆಎಳೆಯಾಗಿ ಕಾಣುತ್ತಿತ್ತು. ಕಣ್ಣಲ್ಲಿ ಬೆಳಕಿತ್ತು. ಆದರೆ ಹಣೆ ಖಾಲಿ. ಖಾಲಿಯೂ ಅಲ್ಲ: ವಿಭೂತಿ ಇರಬೇಕಾದ ಜಾಗ ನುಣ್ಣಗೆ ಹೊಳೆಯುತ್ತಿತ್ತು, ಹುಬ್ಬುಗಳ ನಡುವೆ ದುಂಡಗೆ ಕುಂಕುಮವಿತ್ತು.

"ವಿಭೂತಿ ಎಲ್ಲೇ?"

"ಯಾವ ವಿಭೂತಿ?"

"ಹಣೆ ತುಂಬ ಇರ್ತಿತ್ತಲ್ಲೇ, ಬಿಳೀ ಗೆರೆ."

"ಅಯ್ಯೋ ಮಾಮ, ಅದು ಗೀರು. ಫೋಟೋ ತುಂಬ ಗೀರೇ ಇತ್ತು. ಎಲ್ಲಾ ತೆಗೆದು ಕ್ಲೀನ್ ಮಾಡೈತೆ ನೋಡಿ."

ಗೀರೆಂದು ಒರೆಸಿಬಿಟ್ಟಿದೆ! ಈ ಎ.ಐ. ಎಷ್ಟು ಕೋಟಿ ಮುಖ ನೋಡಿದೆಯೋ, ತರೀಕೆರೆಯ ಹಿಂದಿನ ಬೀದಿಯ ಒಂದು ಹಣೆಯನ್ನು ನೋಡಿಲ್ಲ. ಇಂಥ ಸೀರೆ ಉಟ್ಟ ಹೆಂಗಸಿನ ಹಣೆಯಲ್ಲಿ ಸಾಮಾನ್ಯವಾಗಿ ಏನಿರುತ್ತದೋ ಅದನ್ನು ಅಂಟಿಸಿ ಕಳಿಸಿದೆ. ಇಷ್ಟಕ್ಕೆ ಎಲ್ಲೋ ಯಾವುದೋ ಊರಿನ ಕರೆಂಟು ಸುಟ್ಟಿರುತ್ತದೆ, ಯಂತ್ರ ತಣ್ಣಗಾಗಲು ಯಾರದೋ ನೀರು ಹರಿದಿರುತ್ತದೆ. ಇಷ್ಟನ್ನೂ ನಾನು ಕೈ ಎತ್ತಿ ಭಾಷಣ ಮಾಡಿದೆ. ನಂದಿನಿ ಬ್ಯಾನರಿನ ಅಂಚು ಕತ್ತರಿಸುತ್ತಲೇ ಕೇಳಿಸಿಕೊಂಡಳು.

"ಸ್ಟುಡಿಯೋದವ್ರು ಏನ್ ಕಡಿಮೆನಾ ಮಾಮ? ಸತ್ತೋರ ಕಣ್ಣು ಬಿಡಿಸಿ ಬಣ್ಣ ಹಚ್ತಿದ್ರಂತೆ. ಅಮ್ಮ ಹೇಳ್ತಿರ್ತಾಳೆ."

ಒಳ್ಳೆಯ ಪ್ರಶ್ನೆ. ನಮ್ಮ ಅಜ್ಜನ ಫೋಟೋದಲ್ಲಿ ಕೆನ್ನೆ ಗುಲಾಬಿಯಾಗಿದ್ದು, ಜೀವಮಾನವಿಡೀ ಹೊಲದಲ್ಲಿ ದುಡಿದ ಆ ಮನುಷ್ಯ ನಾಟಕದ ರಾಜನಂತೆ ಕಾಣುತ್ತಾನೆ. ಬಹಳ ಯೋಚಿಸಿ ಉತ್ತರ ಕೊಟ್ಟೆ.

"ಆದ್ರೆ ಸ್ಟುಡಿಯೋದವನು ಮನೆಗೆ ಬಂದು ಕೇಳ್ತಿದ್ದ ಕಣೇ. ಮೂಗುತಿ ಯಾವ ಕಡೆ, ರುಮಾಲು ಯಾವ ಬಣ್ಣ ಅಂತ ಕೇಳ್ಕೊಂಡು ಹೋಗಿ ಬರೀತಿದ್ದ. ಇದು ಯಾರನ್ನು ಕೇಳ್ತು?"

ಅವಳು ಕತ್ತರಿ ಕೆಳಗಿಟ್ಟಳು. "ಸರಿ, ನಾನು ಕೇಳ್ತೀನಿ. ಎರಡೇ ನಿಮಿಷದ ಕೆಲಸ, ಹಾಕ್ಕೊಡ್ತೀನಿ. ಹೇಳಿ, ಎಲ್ಲಿಂದ ಎಲ್ಲೀತಂಕ? ಹಣೆ ಮಧ್ಯಾನಾ, ಮೇಲ್ಗಡೇನಾ? ದಪ್ಪಕಾ, ತೆಳ್ಳಗಾ?"

ನೆನಪು ಮಾಡಿಕೊಳ್ಳಲು ಹೊರಟೆ.

ಕಣ್ಣು ಮುಚ್ಚಿದರೆ ಗಂಗತ್ತೆ ಬರುತ್ತಿದ್ದಳು. ಆದರೆ ಪರದೆಯ ಮೇಲಿದ್ದ ಗಂಗತ್ತೆಯೇ, ನುಣ್ಣನೆಯ ಹಣೆ ಮತ್ತು ಕುಂಕುಮದ ಸಮೇತ. ನಂದಿನಿ ತರಿಸಿದ ಚಹಾ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಹೊಸ ಮುಖ ಹಳೆಯದರ ಜಾಗದಲ್ಲಿ ಕೂತುಬಿಟ್ಟಿತ್ತು. ಮೊದಲು ತೆಗೆದ ಫೋಟೋ ತೋರಿಸು ಎಂದೆ. ಫೋನಿನಲ್ಲಿ ಹಿಗ್ಗಿಸಿ ನೋಡಿದೆ. ಹಣೆಯ ಮೇಲೆ ಬಿಳೀ ಗೆರೆಗಳಿದ್ದದ್ದು ನಿಜ. ಆದರೆ ಸೀರೆಯ ಮೇಲೂ ಇದ್ದವು, ಹಿಂದಿನ ಗೋಡೆಯ ಮೇಲೂ ಇದ್ದವು. ಗೋಡೆ ಲಿಂಗಪೂಜೆ ಮಾಡುವುದಿಲ್ಲ. ಹಾಗಾದರೆ ಹಣೆಯದು ವಿಭೂತಿಯೋ ಗೀರೋ? ಹಿಗ್ಗಿಸಿದಷ್ಟೂ ಎಲ್ಲ ಕಲಸಿಕೊಂಡಿತು.

ನನ್ನ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದಮೇಲೆ ನಾನು ವಿಭೂತಿಯನ್ನು ನಂಬುವುದು ಬಿಟ್ಟೆ. ಆಮೇಲೆ ಯಂತ್ರಗಳನ್ನು ನಂಬುವವರನ್ನು ನಂಬುವುದು ಬಿಟ್ಟೆ. ಈಗ ನನ್ನನ್ನೇ ನಂಬಲಾಗದ ಹಂತ ಮುಟ್ಟಿದ್ದೇನೆ. ಇದನ್ನು ಬೇಕಾದರೆ ಪ್ರಗತಿ ಅನ್ನಿ. ಕಾಲೇಜಿನಲ್ಲಿ ಪಾಠ ಮಾಡುವಾಗ ಆಧಾರ ಎಲ್ಲಿ, ಆಧಾರ ಎಲ್ಲಿ ಎಂದು ಹುಡುಗರ ಜೀವ ತಿಂದವನು ನಾನು. ಈಗ ನನ್ನ ಅತ್ತೆಯ ಹಣೆಗೆ ನನ್ನ ಬಳಿ ಆಧಾರವಿಲ್ಲ.

ಅಕ್ಕನನ್ನು ಕೇಳೋಣವೆಂದು ಅಜ್ಜಂಪುರಕ್ಕೆ ಹೋದೆ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಲ್ಲಿ ನನ್ನದೇ ಹಣೆ ನೋಡಿಕೊಳ್ಳುತ್ತಿದ್ದೆ. ನಾಳೆ ನನ್ನ ಫೋಟೋಕ್ಕೆ ಆ ಎ.ಐ. ಏನನ್ನು ಅಂಟಿಸುತ್ತದೋ? ಬಹುಶಃ ಕೂದಲು.

ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ನಂದಿನಿ ಅವಳಿಗೆ ಆಗಲೇ ಫೋಟೋ ಕಳಿಸಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅಂದಳು: "ಕುಂಕುಮ ಎಷ್ಟ್ ಚೆನ್ನಾಗೊಪ್ತದೆ ನೋಡೋ ನಮ್ಮತ್ತೆಗೆ!"

"ಅವಳು ಕುಂಕುಮ ಇಡ್ತಿರ್ಲಿಲ್ಲ ಅಕ್ಕ."

"ಇಡಾಕ್ ಬಿಟ್ರೆ ತಾನೆ ಇಡಾದು? ಗಂಡ ಹೋದ ಮ್ಯಾಲೆ ಜನ ಸುಮ್ನೆ ಬಿಟ್ರಾ? ಬದುಕಿದ್ದಾಗ ಕೊಡ್ಲಿಲ್ಲ. ಈಗ ಮಿಷಿನ್ನಾದ್ರೂ ಕೊಡ್ತಲ್ಲ, ಇರ್ಲಿ ಬಿಡು."

ನಾನು ವಾದಕ್ಕೆ ನಿಂತೆ. ನನಗೆ ಚೆನ್ನಾಗಿ ನೆನಪಿದೆ: ಒಂದು ಆಯುಧಪೂಜೆಯ ದಿನ, ಇನ್‌ಸ್ಟಿಟ್ಯೂಟಿನ ಹುಡುಗಿಯೊಬ್ಬಳು ಕುಂಕುಮದ ಬಟ್ಟಲು ಹಿಡಿದು ಬಂದಳು. ಗಂಗತ್ತೆ ನಕ್ಕು, "ನಂಗೆ ಇದೇ ಸಾಕು ಕಣವ್ವ" ಎಂದು ತನ್ನ ಹಣೆ ಮುಟ್ಟಿ ತೋರಿಸಿದಳು. ಅದು ಅವಳ ಆಯ್ಕೆ. ಅವಳ ಠೀವಿ.

"ಹಬ್ಬಕ್ಕಂತ ಬಂದು ನಾನೂ ಅಲ್ಲೇ ಇದ್ನಲ್ಲೋ," ಅಂದಳು ಅಕ್ಕ. "ನಗ್ತಾ ಹೇಳಿದ್ಲು, ನಿಜ. ಆಮೇಲೆ ಒಳಗೋಗಿ ಅತ್ಲು. ನೀನು ಪುಸ್ತಕ ಹಿಡ್ಕೊಂಡು ಕೂತಿದ್ದೆ. ಅವಳ ಹಿಂದೆ ಒಳಗೋಗಿದ್ದು ನಾನು."

"ಅತ್ತಳಾ? ನಿಂಗೆ ಸರಿಯಾಗಿ ನೆನಪೈತಾ?"

"ನಿಂಗೈತಾ?"

ಮೆಣಸಿನ ಘಾಟಿಗೆ ಇಬ್ಬರಿಗೂ ಕೆಮ್ಮು ಬಂತು. ಅಲ್ಲಿಗೆ ವಾದ ನಿಂತಿತು.

"ವಿಭೂತೀನಾದ್ರೂ ಇಡ್ತಿದ್ದಳಲ್ಲ, ಅದು ಎಲ್ಲೀತಂಕ ಇರ್ತಿತ್ತು ಹೇಳು," ಅಂದೆ. ಅಕ್ಕ ಹಣೆಗೆ ಕೈ ಒಯ್ದಳು, ತಡೆದಳು, ಫೋನು ತೆಗೆದು ನೋಡಿದಳು. ಅಲ್ಲಿರಲಿಲ್ಲ. "ಇತ್ತು ಕಣೋ. ಇತ್ತಲ್ವಾ?" ಎಂದು ನನ್ನನ್ನೇ ಕೇಳಿದಳು. ಆ ಕ್ಷಣ ನನಗೆ ನಿಜವಾದ ಭಯವಾಯಿತು. ಗಂಗತ್ತೆಯನ್ನು ಹತ್ತಿರದಿಂದ ಕಂಡವರೆಂದು ಮನೆಯಲ್ಲಿ ಉಳಿದವರು ನಾವಿಬ್ಬರೇ. ನಮ್ಮಿಬ್ಬರ ತಲೆಯಿಂದಲೂ ಅದು ಅಳಿಸಿದರೆ ಒಬ್ಬಳು ಹೆಂಗಸು ಪ್ರತಿದಿನ ಬೆಳಿಗ್ಗೆ ತನ್ನ ಕೈಯಾರೆ ತನ್ನ ಹಣೆಗೆ ಮಾಡಿಕೊಂಡ ಒಂದು ಕೆಲಸ ಲೋಕದಲ್ಲಿ ನಡೆದೇ ಇರಲಿಲ್ಲ ಎಂದಾಗುತ್ತದೆ.

ಪೂಜೆ ನಡೆಯಿತು. ಫೋಟೋಕ್ಕೆ ಸೇವಂತಿಗೆ ಹಾರ ಬಿತ್ತು. ಬಂದವರೆಲ್ಲ ಎಷ್ಟು ಕಳೆಯಾಗಿದ್ದಾರೆ ಎಂದರು. ಮಕ್ಕಳು ಅದನ್ನೇ ಗಂಗಜ್ಜಿ ಎಂದು ಕಲಿತರು. ನಾನು ಒಂದು ಮೂಲೆಯಲ್ಲಿ ಕೂತು ಹೋಳಿಗೆ ತಿಂದೆ. ಹೊರಡುವಾಗ ಅಕ್ಕ ಚೌಕಟ್ಟನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ತಗೋ. ಅನುಮಾನ ಇರೋನ ಮನೇಲೇ ಇರ್ಲಿ. ನಂಗೂ ಯಾಕೋ ಅದ್ರ ಹಣೆ ನೋಡಿದ್ರೆ ನಿದ್ದೆ ಬರ್ತಿಲ್ಲ."

ಅಂದಿನಿಂದ ಅದು ನನ್ನ ಮೇಜಿನ ಪಕ್ಕ, ಗೋಡೆಗೆ ಮುಖ ಮಾಡಿಕೊಂಡು ನಿಂತಿದೆ. ನೋಡಿದಷ್ಟೂ ಹಳೆಯ ಮುಖ ಸವೆಯುತ್ತದೆ ಎಂಬ ಹೆದರಿಕೆ ನನ್ನದು. ಗೋಡೆಗೆ ತಿರುಗಿಸಿಟ್ಟರೆ ಅವಳಿಗೇ ಶಿಕ್ಷೆ ಕೊಟ್ಟಂತೆ. ನಂದಿನಿ ಆಗಾಗ ಫೋನು ಮಾಡುತ್ತಾಳೆ: "ಮಾಮ, ಉದ್ದ ಎಷ್ಟು ಅಂತ ನೆನಪಾಯ್ತಾ?" ಪಾಪ, ತಮಾಷೆಗಲ್ಲ, ನಿಜವಾಗಿಯೇ ಕೇಳುತ್ತಾಳೆ.

ಈ ಬೆಳಿಗ್ಗೆ ಹೊಗೆ ಬಂತಲ್ಲ, ಕಿಟಕಿ ಮುಚ್ಚಲು ಎದ್ದೆ. ಕಣ್ಣು ಉರಿಯಿತು, ಮುಚ್ಚಿಕೊಂಡೆ. ಆಗ ಕಣ್ಣಿಗೆ ಏನೂ ಬರಲಿಲ್ಲ, ಫೋಟೋದ ಮುಖವೂ ಬರಲಿಲ್ಲ. ಬಂದದ್ದು ತಣ್ಣನೆಯ ಒಂದು ಒತ್ತು. ಪರೀಕ್ಷೆಯ ಬೆಳಿಗ್ಗೆ ನಾನು ಹೊಸ್ತಿಲು ದಾಟುವ ಮೊದಲು ಗಂಗತ್ತೆ ಹಿಡಿದು ನಿಲ್ಲಿಸುತ್ತಿದ್ದಳು. "ತಲೆ ಎತ್ತೋ ಲೇ." ಒದ್ದೆ ಬೆರಳುಗಳು ಎಡಗಡೆ ಕೂದಲಿನ ಬುಡದಿಂದ ಹೊರಟು, ಅವಸರವಿಲ್ಲದೆ, ಬಲಗಡೆ ಕೂದಲಿನ ಬುಡದವರೆಗೆ. ನೀರು ಹುಬ್ಬಿಗೆ ಇಳಿಯುತ್ತಿತ್ತು. ಆಮೇಲೆ ಒಣಗಿ ಚರ್ಮ ಬಿಗಿಯುತ್ತಿತ್ತು. ತನ್ನ ಹಣೆಗೆ ಎಳೆದುಕೊಂಡ ಕೈಯೇ ಅಲ್ಲವೇ ನನ್ನ ಹಣೆಗೂ ಎಳೆದದ್ದು?

ದೇವರ ಕೋಣೆಗೆ ಹೋಗಿ ವಿಭೂತಿ ಗಟ್ಟಿ ತೆಗೆದುಕೊಂಡೆ. ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಏನ್ರೀ, ಇವತ್ತು ಸೂರ್ಯ ಯಾವ ಕಡೆ ಹುಟ್ಟವ್ನೆ?"

"ನಂಗಲ್ಲ ಕಣೇ," ಅಂದೆ.

ಚೌಕಟ್ಟನ್ನು ಈಚೆ ತಿರುಗಿಸಿ ಮೇಜಿನ ಮೇಲೆ ನಿಲ್ಲಿಸಿದೆ. ಮೊದಲು ನನ್ನ ಹಣೆಯ ಮೇಲೆ ಬರಿಗೈಯಲ್ಲಿ ಎಳೆದು ನೋಡಿದೆ, ಅಳತೆಗೆ. ಬೆರಳು ಒದ್ದೆ ಮಾಡಿ, ಗಟ್ಟಿಯ ಮೇಲೆ ಉಜ್ಜಿ, ಗಾಜಿನ ಮೇಲೆ, ಅವಳ ಹಣೆಯ ಈ ತುದಿಯಿಂದ ಆ ತುದಿಗೆ ಎಳೆದೆ. ಕುಂಕುಮವನ್ನು ಮುಟ್ಟಲಿಲ್ಲ. ಅಕ್ಕ ಹೇಳಿದ ಅಳು ನಡೆದದ್ದೇ ಆಗಿದ್ದರೆ, ಅದನ್ನು ಒರೆಸಲು ನಾನು ಯಾರು?

ಒದ್ದೆ ವಿಭೂತಿ ಹಚ್ಚಿದ ಕೂಡಲೇ ಕಾಣುವುದಿಲ್ಲ, ನಿಮಗೆ ಗೊತ್ತಿರಬಹುದು. ಒಣಗಿದ ಮೇಲೆ ಬೆಳ್ಳಗೆ ಮೂಡುತ್ತದೆ. ಒಂದೆರಡು ದಿನಕ್ಕೆ ಉದುರಿಯೂ ಹೋಗುತ್ತದೆ, ಮತ್ತೆ ಎಳೆಯಬೇಕು. ಈಗ ಗಾಜಿನ ಮೇಲೆ ಬರೀ ನೀರಿದೆ. ಹೊರಗೆ ಹೊಗೆ ಇನ್ನೂ ನಿಂತಿಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತಿದ್ದೇನೆ, ಒಣಗಲಿ ಎಂದು.