ಭೂತ ಬಂಗಲೆಯ ಅಣ್ಣತಮ್ಮಂದಿರು

ನನ್ನ ಗಂಡನ ಮೇಲೆ ಸೇಡು ತೀರಿಸಿಕೊಳ್ಳಲು ನಾನು ಒಂದು ಕತೆ ಬರೆದೆ. ಜೀವಮಾನದಲ್ಲಿ ಬರೆದ ಕತೆ ಅದೊಂದೇ. ಯಾಕೆ ಬರೆದೆ, ಅದರಿಂದ ಏನಾಯಿತು ಎಂದು ಈಗ ಹೇಳಲು ಅಡ್ಡಿಯಿಲ್ಲ, ನನ್ನನ್ನು ಬೈಯಬೇಕಾದವರು ಯಾರೂ ಉಳಿದಿಲ್ಲ. ಗಂಡನನ್ನು ಇಲ್ಲಿ ಬಹುವಚನದಲ್ಲೇ ಕರೆಯುತ್ತೇನೆ. ಅದನ್ನು ಗೌರವವೆಂದು ತಿಳಿಯಬೇಡಿ, ಬರೀ ರೂಢಿ.

ಮೂವತ್ತರ ದಶಕದ ಕೊನೆಯ ವರ್ಷಗಳು. ಅವರು ಹಳಿಯಾಳದ ಸರಕಾರಿ ದವಾಖಾನೆಯ ಡಾಕ್ಟರು. ಮನೆಯಲ್ಲಿ ನಾವು ಮೂರೇ ಜನ: ಅವರು, ನಾನು, ನನ್ನ ಅತ್ತೆ. ಅತ್ತೆಯ ಮಡಿ ಎಂಥದ್ದೆಂದರೆ ಹಿತ್ತಲಿಗೆ ಬರುವ ಕಾಗೆ ಕೂಡ ಅಪ್ಪಣೆ ಕೇಳಿಕೊಂಡು ಬರಬೇಕು. ತಿಂಗಳಿಗೊಂದು ಶನಿವಾರ ನನ್ನ ಗಂಡ ಸಪೂರವಾದ ಒಂದು ಚರ್ಮದ ಪೆಟ್ಟಿಗೆ ಹಿಡಿದುಕೊಂಡು ಅಳ್ನಾವರಕ್ಕೆ ಹೋಗಿ, ಅಲ್ಲಿ ರೈಲು ಹತ್ತಿ, ದಂಡು ಬೀಡುಬಿಟ್ಟಿದ್ದ ದೊಡ್ಡ ಊರಿಗೆ ಹೋಗುತ್ತಿದ್ದರು. ಅಲ್ಲಿ ಫ್ರೀಮೇಸನ್ನರೆಂಬ ಗುಟ್ಟಿನ ಸಂಘದವರು ಸೇರುವ ಲಾಜ್ ಇತ್ತು. ಕಿಟಕಿ ಮುಚ್ಚಿಕೊಂಡು ಒಳಗೆ ಏನೋ ಮಾಡುತ್ತಾರೆ, ಹೊಸಬರ ಕಣ್ಣು ಕಟ್ಟಿ ಕೊರಳಿಗೆ ಹಗ್ಗ ಹಾಕುತ್ತಾರೆ ಎಂದು ಹೇಳಿ ಜನ ಅದನ್ನು ಭೂತ ಬಂಗಲೆ ಎನ್ನುತ್ತಿದ್ದರು.

ಅವರಿಲ್ಲದಾಗ ನಾನು ಆ ಪೆಟ್ಟಿಗೆ ತೆರೆದು ನೋಡಿದ್ದೆ. ಕುರಿಮರಿಯ ತೊಗಲಿನ ಒಂದು ಬಿಳೀ ಏಪ್ರನ್ ಇತ್ತು. ಬರೀ ಮೊದಲಕ್ಷರಗಳಲ್ಲೇ ಅಚ್ಚಾದ, ಯಾರಿಗೂ ಓದಲಾಗದ ಒಂದು ಇಂಗ್ಲಿಷ್ ಪುಸ್ತಕ ಇತ್ತು. ಮುಚ್ಚಳದ ಮೇಲೆ ಕಲ್ಲು ಕಟ್ಟುವ ಗೌಂಡಿಗಳ ಮೂಲೆಮಟ್ಟ ಮತ್ತು ಕೈವಾರದ ಚಿತ್ರ. ಹುಟ್ಟಿದಾಗಿನಿಂದ ಒಂದು ಕಲ್ಲು ಎತ್ತಿಡದ ಮನುಷ್ಯನಿಗೆ ಇವೆಲ್ಲ ಯಾಕೆ ಎಂದು ನಗು ಬಂತು. ಅತ್ತೆಗೆ ಆ ತೊಗಲಿನ ವಿಷಯ ಗೊತ್ತಿರಲಿಲ್ಲ. ದವಾಖಾನೆಯ ಸಾಮಾನು ಎಂದು ನನ್ನ ಗಂಡ ಹೇಳಿದ್ದರು.

ಒಮ್ಮೆ ನೇರವಾಗಿ ಕೇಳಿದೆ. "ಅಲ್ಲೆ ಏನ್ ಮಾಡ್ತೀರಿ?"

"ಒಳ್ಳೆ ಮನಷ್ಯಾ ಆಗೂದು ಕಲೀತೀವಿ. ಅಲ್ಲೆ ಎಲ್ಲಾರೂ ಅಣ್ಣತಮ್ಮಂದಿರು. ದೊಡ್ಡಾಂವ ಸಣ್ಣಾಂವ ಅಂತ ಇಲ್ಲ."

"ಅದಕ್ಕ ರೈಲ್ ಹತ್ತಿ ಹೋಗಬೇಕೇನು?"

ಹೆಂಗಸರಿಗೆ ತಿಳಿಯುವ ಮಾತಲ್ಲ ಎಂದು ಮೀಸೆಯಲ್ಲೇ ನಕ್ಕರು.

ಅವರನ್ನು ನೋಡಲು ರವಿವಾರ ಮುಂಜಾನೆ ಒಬ್ಬರು ಬರುತ್ತಿದ್ದರು. ಪೇಟೆಯ ಮುಸಲ್ಮಾನ ಕಟ್ಟಿಗೆ ವ್ಯಾಪಾರಿ. ದಾಂಡೇಲಿ ಡಿಪೋದಲ್ಲಿ ಅವರ ಸಾಗವಾನಿಯ ರಾಶಿಗಳಿದ್ದವು. ಊರೆಲ್ಲ ಸಾಹೇಬರೆಂದೇ ಕರೆಯುತ್ತಿತ್ತು. ನಮ್ಮ ಹಾಗೆಯೇ ಕನ್ನಡ ಮಾತಾಡುತ್ತಿದ್ದರು, ಆದರೆ ಓದಲು ಬರುತ್ತಿದ್ದದ್ದು ಉರ್ದು ಮಾತ್ರ. ಜಂಗಲ್ ಖಾತೆಯಿಂದ ಬಂದ ಕನ್ನಡ ಕಾಗದಗಳನ್ನು ಕಟ್ಟಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಕೂತು ನನ್ನ ಗಂಡನಿಂದ ಓದಿಸಿಕೊಳ್ಳುತ್ತಿದ್ದರು. ಅವರ ಚಹಾದ ಕಪ್ಪು ಹೊರಗಿನ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಅವರು ಎದ್ದುಹೋದ ಮೇಲೆ ಅದಕ್ಕೆ ಮೇಲಿನಿಂದ ನೀರು ಹೊಯ್ದು ಕಡ್ಡಿಯಿಂದ ಗೂಡಿಗೆ ತಳ್ಳುವ ಕೆಲಸ ನನ್ನದು. ನನ್ನನ್ನು ಅವರು ವೈನೀ ಎಂದು ಕರೆಯುತ್ತಿದ್ದರು, ಅಣ್ಣನ ಹೆಂಡತಿಯನ್ನು ಕರೆಯುವಂತೆ. ಅದು ಬರೀ ಸೌಜನ್ಯ ಎಂದುಕೊಂಡಿದ್ದೆ.

ಆ ವರ್ಷ ಜೋಯಿಡಾ ಕಡೆಯ ಹಳ್ಳಿಗಳಲ್ಲಿ ಚಳಿಜ್ವರ ಎದ್ದಿತ್ತು. ನನ್ನ ಗಂಡ ಸೂಪಾದಲ್ಲಿ ಕ್ಯಾಂಪ್ ಹಾಕಿದ್ದರು. ನಾನು ಐದು ತಿಂಗಳ ಬಸುರಿ, ಚೊಚ್ಚಲು. ಹೆಂಗಸರ ಮಾಸಪತ್ರಿಕೆ ಬಂದಿದೆಯೇ ನೋಡಲು ಪೋಸ್ಟಿಗೆ ಹೋದವಳು ಪೇಟೆಯ ನಡುವೆ, ಸಾಹೇಬರ ಮನೆಯ ಎದುರಿಗೇ, ಹೊಟ್ಟೆ ಹಿಡಿದುಕೊಂಡು ಕುಸಿದೆ. ಗಂಡಸರು ಸುತ್ತ ನಿಂತು ನೋಡಿದರು. ಸಾಹೇಬರ ಹೆಂಡತಿ, ಮನೆಬಿಟ್ಟು ಎಂದೂ ಹೊರಗೆ ಕಾಣಿಸಿಕೊಳ್ಳದಾಕೆ, ಬುರಖಾ ಕೂಡ ಹಾಕಿಕೊಳ್ಳದೆ ರಸ್ತೆಗೆ ಓಡಿ ಬಂದು ನನ್ನನ್ನು ಒಳಗೆ ಎತ್ತಿಸಿಕೊಂಡು ಹೋದಳು. ಹಳೆಯ ಬಿಳೀ ಓಢಣಿಯೊಂದನ್ನು ಸೊಂಟಕ್ಕೆ ಬಿಗಿದು ಕೆಲಸಕ್ಕೆ ನಿಂತಳು. ಅಷ್ಟು ನೆನಪಿದೆ, ಆಮೇಲೆ ಎಚ್ಚರ ತಪ್ಪಿತು.

ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು. ನನ್ನ ಸೀರೆಯ ರಕ್ತವನ್ನು ಆಕೆಯೇ ತೊಳೆದು ಹರವಿದ್ದಳು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ತಂಬಿಗೆ ಹಿಡಿದು ಬಂದವಳು, ನಾನು ಹಿಂದೆಮುಂದೆ ನೋಡುವುದನ್ನು ಕಂಡು ಮೆಲ್ಲಗೆ ಹೇಳಿದಳು:

"ಕುಡೀರಿ ವೈನೀ, ಏನೂ ಆಗೂದಿಲ್ಲ. ನಿಮ್ಮ ಡಾಕ್ಟರ್ ಸಾಹೇಬ್ರು ತಿಂಗಳಾ ಲಾಜಿನ್ಯಾಗ ನಮ್ಮವರ ಮಗ್ಗಲಕ್ಕ ಕುಂತ ಉಣ್ತಾರ. ಒಂದ ಮೇಜು, ಒಂದ ಜಗ್ಗಿನ ನೀರು. ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಎರಡು ತಂಬಿಗೆ ಕುಡಿದೆ. ಕೂಸು ಎಲ್ಲಿ ಎಂದು ಕೇಳಿದೆ. "ಅದರ ಕೆಲಸ ನಾ ಮಾಡೇನಿ. ಈಗ ಕೇಳಬ್ಯಾಡ್ರಿ, ಜೀವಕ್ಕ ಛಲೋ ಅಲ್ಲ. ನಾಳಿ ಎಲ್ಲಾ ಹೇಳ್ತೇನಿ," ಎಂದು ಹಣೆಯ ಮೇಲೆ ಕೈಯಿಟ್ಟಳು.

ಆ ನಾಳೆ ಬರಲಿಲ್ಲ. ಅದೇ ಸಂಜೆ ಕ್ಯಾಂಪ್ ಮುಗಿಸಿ ಊರಿಗೆ ಮರಳಿದ ನನ್ನ ಗಂಡ, ಸುದ್ದಿ ತಿಳಿದು, ಗಾಡಿ ಕಟ್ಟಿಸಿಕೊಂಡು ಬಂದು, ಬಾಗಿಲ ಹೊರಗೇ ನಿಂತು ಸಾಹೇಬರ ಜೊತೆ ಎರಡು ಮಾತಾಡಿ, ನನ್ನನ್ನು ಕರೆದುಕೊಂಡು ಹೊರಟರು. ನಮ್ಮ ಮನೆಯ ಮೆಟ್ಟಿಲ ಹತ್ತಿರ ನನ್ನನ್ನು ತಡೆದು ಕೇಳಿದರು: "ಅವರ ಮನ್ಯಾಗ ನೀರು ಕುಡದೀ ಏನು?"

ಹೊಟ್ಟೆಯ ಕೂಸು ಹೋದ ದಿನ ಡಾಕ್ಟರೊಬ್ಬ ಹೆಂಡತಿಗೆ ಕೇಳಿದ ಮೊದಲ ಪ್ರಶ್ನೆ ಅದು. "ನೀವು ಅಲ್ಲೆ ಉಣ್ತೀರಂತಲ್ಲ?" ಎಂದೆ. ಅವರು ಒಳಗಿದ್ದ ತಾಯಿಗೆ ಕೇಳಬಾರದೆಂದು ದನಿ ತಗ್ಗಿಸಿದರು. "ಅದು ಲಾಜಿನ ಮಾತು. ಮನೀಗೆ ತರಬಾರದು." ಮರುದಿನ ಭಟ್ಟರು ಬಂದರು. ಮೈಯಲ್ಲಿ ಇನ್ನೂ ನೋವಿದ್ದವಳಿಗೆ ತಣ್ಣೀರು ಹಾಕಿಸಿ ಪಂಚಗವ್ಯ ಕುಡಿಸಿದರು. ಆ ಮನೆಯ ಕಡೆ ಇನ್ನು ತಲೆ ಹಾಕಬಾರದೆಂದು ಕಟ್ಟಪ್ಪಣೆಯಾಯಿತು.

ನನಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ಒಮ್ಮೆ ಆ ಮನೆಗೆ ಹೋಗಿ, ನನ್ನ ಕೂಸು ಗಂಡೋ ಹೆಣ್ಣೋ, ಎಲ್ಲಿ ಇಟ್ಟಳು ಎಂದು ಆಕೆಯನ್ನು ಕೇಳಬೇಕಿತ್ತು. ಹೇಳಿಕಳಿಸಿ ಕೇಳುವ ಮಾತಲ್ಲ ಅದು, ರವಿವಾರ ಬರುವ ಗಂಡಸನ್ನು ಕೇಳುವ ಮಾತೂ ಅಲ್ಲ. ಆಕೆಯ ಎದುರಿಗೆ ಕೂತು ಕೇಳಬೇಕು. ಎರಡು ಸಲ ಗಂಡನ ಕಾಲು ಹಿಡಿದು ಬೇಡಿಕೊಂಡೆ. "ಆದದ್ದು ಆತು, ಮರತುಬಿಡು," ಎಂದರು. ಅದೇ ಶನಿವಾರ ಏಪ್ರನ್ನಿನ ಪೆಟ್ಟಿಗೆ ಹಿಡಿದು ಅಣ್ಣತಮ್ಮಂದಿರ ಜೊತೆ ಉಣ್ಣಲು ಹೋದರು. ಅವರ ಬೆನ್ನು ಕಾಣುವವರೆಗೂ ಬಾಗಿಲಲ್ಲೇ ನಿಂತು ನೋಡಿದೆ. ಇವರನ್ನು ಸುಮ್ಮನೆ ಬಿಡಬಾರದು ಎಂದುಕೊಂಡೆ.

ಮುಂಡಗೋಡದ ತವರಿನಲ್ಲಿ ಏಳನೆಯ ಇಯತ್ತೆ ಪಾಸು ಮಾಡಿದವಳು ನಾನು. ಮಧ್ಯಾಹ್ನ ಅತ್ತೆ ಮಲಗಿದಾಗ ಬರೆಯಲು ಕೂತೆ. ಮೊದಲು ಬರೆದದ್ದು ಬರೀ ಕುಚೇಷ್ಟೆ: ಭೂತ ಬಂಗಲೆ, ತಲೆಬುರುಡೆ, ಕಣ್ಣು ಕಟ್ಟಿದ ಡೊಳ್ಳುಹೊಟ್ಟೆಯ ಡಾಕ್ಟರೊಬ್ಬ ಎಡವಿ ಬೀಳುವುದು. ಬರೆಯುವಾಗ ನಕ್ಕೆ. ಓದಿದಾಗ ಹರಿದುಹಾಕಿದೆ. ಅದನ್ನು ಓದಿ ನನ್ನ ಗಂಡ ಕೂಡ ನಗುತ್ತಿದ್ದರು, ಅವರಿಗೆ ಒಂದು ಗೀರೂ ಬೀಳುತ್ತಿರಲಿಲ್ಲ.

ಅವರಿಗೆ ಗಾಯವಾಗಬೇಕಾದರೆ ಅವರ ಲಾಜ್ ಕತೆಯಲ್ಲಿ ನಿಜವಾಗಿಯೂ ಒಳ್ಳೆಯದಾಗಿರಬೇಕಿತ್ತು. ಹಾಗಾದರೆ ಅಲ್ಲಿ ಏನು ನಡೆಯಬೇಕು? ಎಲ್ಲರೂ ಸಮ ಎಂದು ಆಣೆ ಮಾಡಿದವರು, ಬಾಗಿಲಿಗೆ ಬಂದ ಅಪರಿಚಿತರಿಗೆ ಮೊದಲು ಏನು ಮಾಡುತ್ತಾರೆ? ಕಣ್ಣು ಯಾಕೆ ಕಟ್ಟುತ್ತಾರೆ? ಗೌಂಡಿಯ ಏಪ್ರನ್ ಯಾಕೆ? ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಆ ಲಾಜನ್ನು ನಾನು ನೋಡಿರಲಿಲ್ಲ, ಇನ್ನು ನೋಡುವ ಹಾಗೂ ಇರಲಿಲ್ಲ. ನೋಡಿದ್ದು ಸಾಹೇಬರ ಮನೆಯ ಒಂದು ಕೋಣೆ ಮಾತ್ರ. ಅದನ್ನೇ ಬರೆದೆ.

ನನ್ನ ಕತೆಯ ಲಾಜ್ ಹೆಂಗಸರದು. ಡಿಪೋ ಇರುವ ಒಂದು ಊರಿನ ಅಡಿಗೆಮನೆಯಲ್ಲಿ ಅದು ಸೇರುತ್ತದೆ. ಕಟ್ಟಿಗೆ ಹೊರುವ ಸಿದ್ದಿ ಜನಾಂಗದ ಹೆಂಗಸು ಕುಡಗೋಲು ಹಿಡಿದು ಬಾಗಿಲು ಕಾಯುತ್ತಾಳೆ. ಬಂದವಳ ಕಣ್ಣಿಗೆ ಬಟ್ಟೆ ಕಟ್ಟಿ, ಯಾವ ಮನೆಯವಳು ಎಂದು ಕೇಳದೆ, ಮೊದಲು ನೀರು ಕುಡಿಸುತ್ತಾರೆ. ದಾಹ ತೀರಿದ ಮೇಲೆ ಬಟ್ಟೆ ಬಿಚ್ಚಿ, ಕುಡಿಸಿದವಳ ಮುಖ ನೋಡು ಎನ್ನುತ್ತಾರೆ. ನೋಡಿದ ಮೇಲೂ ಉಗುಳದೆ ನಿಂತವಳಿಗೆ ಬಿಳೀ ಬಟ್ಟೆ ಸೊಂಟಕ್ಕೆ ಕಟ್ಟುತ್ತಾರೆ. ಅದು ಅಲಂಕಾರಕ್ಕಲ್ಲ, ಇನ್ನೊಬ್ಬರ ರಕ್ತ ಒರೆಸುವ ಕೆಲಸಕ್ಕೆ. ಬರೆಯುತ್ತ ನನಗೇ ಸಿಟ್ಟು ಬಂತು. ಇಷ್ಟು ಚೆಂದದ ಮಾತನ್ನು ಬಾಯಿಪಾಠ ಮಾಡಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರಲ್ಲ!

ಕೊನೆಗೆ ಒಬ್ಬ ಡಾಕ್ಟರನನ್ನು ತಂದೆ. ಗಂಡಸರ ಲಾಜಿನಲ್ಲಿ ಎಲ್ಲ ಜಾತಿಯವರ ಜೊತೆ ಒಂದೇ ಮೇಜಿನಲ್ಲಿ ಉಂಡು ಮನೆಗೆ ಬರುತ್ತಾನೆ. ಕೂಸು ಕಳೆದುಕೊಂಡ ಹೆಂಡತಿಯನ್ನು ಮೆಟ್ಟಿಲಲ್ಲಿ ತಡೆದು, "ಅವರ ಮನ್ಯಾಗ ನೀರು ಕುಡದೀ ಏನು?" ಎನ್ನುತ್ತಾನೆ. ಅಲ್ಲಿಗೆ ಕತೆ ಮುಗಿಯುತ್ತದೆ.

ಪಂಚಮಿಗೆ ತವರಿಗೆ ಹೋದಾಗ ಹೆಸರು ಹಾಕದೆ ಮಾಸಪತ್ರಿಕೆಗೆ ಕಳಿಸಿದೆ. ಅಚ್ಚಾದರೆ ಕತೆಯ ಹಾಳೆ ಮಡಚಿ ಪ್ರತಿಯನ್ನು ಸಾಹೇಬರ ವಿಳಾಸಕ್ಕೆ ಕಳಿಸಿರಿ ಎಂದು ಚೀಟಿ ಇಟ್ಟಿದ್ದೆ. ಕನ್ನಡದ ಕಾಗದ ಏನೇ ಬಂದರೂ ಅವರು ಯಾರ ಹತ್ತಿರ ಓದಿಸಿಕೊಳ್ಳುತ್ತಾರೆ ಎನ್ನುವುದು ನನಗೆ ಗೊತ್ತಿತ್ತು.

ಮೂರು ತಿಂಗಳ ಮೇಲೆ ಒಂದು ರವಿವಾರ ಸಾಹೇಬರು ಜಂಗಲ್ ಖಾತೆಯ ಕಾಗದಗಳ ಜೊತೆ ಅದನ್ನೂ ತಂದರು. "ಇದ್ಯಾವದೋ ಪುಸ್ತಕ ನನ್ನ ಹೆಸರಿಗೆ ಬಂದೈತಿ. ಒಂದು ಹಾಳಿ ಮಡಚ್ಯಾರ, ಅದರಾಗ ಏನೈತಿ ಓದ್ರಿ." ಅತ್ತೆ ಒಳಗಿನ ಬಾಗಿಲ ಹತ್ತಿರ ಬತ್ತಿ ಹೊಸೆಯುತ್ತಿದ್ದರು. ನಾನು ಅವರ ಬೆನ್ನ ಹಿಂದೆ ಗೋಡೆಗೆ ಆತು ನಿಂತೆ.

ನನ್ನ ಗಂಡನದು ಒಳ್ಳೆಯ ಕಂಠ. ಕಣ್ಣು ಕಟ್ಟುವ ಭಾಗ ಬಂದಾಗ ಹಿಗ್ಗಿದರು. "ಯಾರೋ ಭಾಳ ತಿಳದವರು ಬರದಾರ್ರೀ," ಎಂದರು. ನೀರು ಕುಡಿಸುವಲ್ಲಿ ಸಾಹೇಬರು ವ್ಹಾ ವ್ಹಾ ಎಂದರು. ಬಿಳೀ ಬಟ್ಟೆ ಬಂತು. ಡಾಕ್ಟರ್ ಬಂದ, ಮೇಜಿನಲ್ಲಿ ಉಂಡ, ಮೆಟ್ಟಿಲ ಹತ್ತಿರ ನಿಂತ. ಅಲ್ಲಿ ನನ್ನ ಗಂಡನ ದನಿ ನಿಂತಿತು.

"ಮುಂದ?" ಎಂದರು ಸಾಹೇಬರು.

"ಮುಂದ ಏನಿಲ್ಲ."

"ಇನ್ನ ಒಂದು ಸಾಲು ಕಾಣಸ್ತದಲ್ಲ. ಓದ್ರಿ."

ಓದಿದರು. ತಮ್ಮದೇ ಮಾತನ್ನು ತಮ್ಮದೇ ಬಾಯಿಯಿಂದ, ತಮ್ಮ ಅಣ್ಣತಮ್ಮನ ಎದುರಿಗೆ. ಆ ಗಳಿಗೆಯ ಸುಖವನ್ನು ನಾನು ಮುಚ್ಚಿಡುವುದಿಲ್ಲ. ಮದುವೆಯ ದಿನ ಕೂಡ ಅಷ್ಟು ಸುಖಪಟ್ಟಿರಲಿಲ್ಲ.

ಸಾಹೇಬರು ಕೈಚಾಚಿ ಪುಸ್ತಕವನ್ನು ತಿರುಗಿ ತೆಗೆದುಕೊಂಡರು. "ಇದನ್ನ ಬರದವರು ನಮ್ಮ ಲಾಜ್ ನೋಡಿಲ್ಲ," ಎಂದರು. "ಆದ್ರ ನಮ್ಮಕಿಂತ ಛಲೋ ತಿಳಕೊಂಡಾರ." ಜಂಗಲ್ ಖಾತೆಯ ಕಾಗದಗಳನ್ನು ಓದಿಸಿಕೊಳ್ಳದೆಯೇ ಎತ್ತಿಕೊಂಡು ಹೊರಟರು. ಚಹಾ ಮುಟ್ಟಿರಲಿಲ್ಲ. ಅವರ ಮುಖ ನೋಡಿ ನನಗೆ ಚುರ್ ಎಂದಿತು. ನನ್ನ ಜಗಳದಲ್ಲಿ ಪೆಟ್ಟು ತಿಂದ ಆ ಮನುಷ್ಯ ನನಗೆ ಏನೂ ಕೆಟ್ಟದ್ದು ಮಾಡಿರಲಿಲ್ಲ.

ಅತ್ತೆ ಬತ್ತಿ ಕೆಳಗಿಟ್ಟು ಎದ್ದರು. "ಆ ಕತಿಯೊಳಗಿನ ಡಾಕ್ಟರ್ ನೀನಽ ಏನೋ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದೊಂದಕ್ಕೆ ಅವರನ್ನು ಮೆಚ್ಚಬೇಕು. "ಹೌದವ್ವಾ," ಎಂದರು.

ಮರುದಿನ ಅದೇ ಭಟ್ಟರು ಬಂದರು. ಗಂಡಸರಿಗೆ, ಅದೂ ಸರಕಾರಿ ಡಾಕ್ಟರಿಗೆ, ಇಷ್ಟು ಕಡಕ್ ಬೇಕಿಲ್ಲ ಎಂದು ಭಟ್ಟರೇ ಅಂಜುತ್ತ ಹೇಳಿದರು. ಅತ್ತೆ ಕೇಳಲಿಲ್ಲ. "ಸೊಸಿಗೆ ಒಂದು, ಮಗಗ ಒಂದು ನನ್ನ ಮನ್ಯಾಗ ಇಲ್ಲ," ಎಂದರು. ನಾನು ಕಂಡವರಲ್ಲಿ ಎಲ್ಲರೂ ಸಮ ಎನ್ನುವ ಮಾತನ್ನು ಚಾಚೂ ತಪ್ಪದೆ ನಡೆಸಿದವರು ಆ ಮುದುಕಿ ಒಬ್ಬರೇ. ಪಂಚಗವ್ಯದ ಬಟ್ಟಲನ್ನು ನಾನೇ ಒಯ್ದು ಗಂಡನ ಕೈಗೆ ಕೊಟ್ಟೆ. ಚಳಿಯಲ್ಲಿ ಒದ್ದೆ ಪಂಚೆ ಉಟ್ಟು ಕೂತಿದ್ದರು. ಕಣ್ಣು ಮುಚ್ಚಿ ಕುಡಿದು, ಬಟ್ಟಲು ಕೆಳಗಿಟ್ಟು, ನನ್ನನ್ನು ನೋಡಿದರು.

"ಸಾಕಾತೇನು ನಿನಗ?"

"ಸಾಕಾಗಿಲ್ಲ. ನೀವು ಆ ಮನೀಗೆ ಹೋಗ್ರಿ. ಒಳಗ ಹೋಗಿ ಕೂಡ್ರಿ. ನನ್ನ ಕೂಸು ಗಂಡೋ ಹೆಣ್ಣೋ ಕೇಳಿಕೊಂಡು ಬರ್ರಿ."

ಅವರು ತುಟಿ ಒರೆಸಿಕೊಂಡರು. "ಹೆಣ್ಣು," ಎಂದರು.

ನನಗೆ ಅರ್ಥವಾಗಲಿಲ್ಲ.

"ಅವತ್ತ ಬಾಗಲದಾಗ ಸಾಹೇಬರು ಹೇಳಿದ್ರು. ಅವರ ಹಿತ್ತಲದಾಗ ಇಟ್ಟಾರ, ಬಾವೀ ಆಚೆ."

"ಅವತ್ತಿಂದ ಗೊತ್ತದ ಏನು ನಿಮಗ?"

"ನೀ ನನ್ನ ಕೇಳಲಿಲ್ಲ," ಎಂದರು.

ಎರಡು ಸಲ ಕಾಲು ಹಿಡಿದಿದ್ದೆ. ಆ ಮನೆಗೆ ಹೋಗಲಿಕ್ಕೆ ಬಿಡಿ ಎಂದು ಬೇಡಿದ್ದೆ, ಯಾಕೆ ಎನ್ನುವುದು ಅವರಿಗೆ ತಿಳಿಯದ ಮಾತಲ್ಲ. ಬಾಯಿ ಬಿಟ್ಟು ಒಂದು ಶಬ್ದ ಹೇಳಿದ್ದರೆ ಅಷ್ಟು ತಿಂಗಳು ನಾನು ಕಂಡಕಂಡ ಕೂಸುಗಳ ಮುಖ ನೋಡುತ್ತ ಅಲೆಯುತ್ತಿರಲಿಲ್ಲ. ನಾನು ಕತೆ ಬರೆದು, ಅಚ್ಚು ಹಾಕಿಸಿ, ಬಲೆ ಹೆಣೆದು ಗೆದ್ದೆನೆಂದು ನಿಂತಿದ್ದೆ. ಅವರು ಕೂತಲ್ಲಿಂದಲೇ ಒಂದು ಮಾತಿನಲ್ಲಿ ನನ್ನನ್ನು ಸೋಲಿಸಿದರು.

ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಉಟ್ಟ ಸೀರೆಯಲ್ಲೇ ಹೊರಬಿದ್ದು, ಹಾಡುಹಗಲು, ಪೇಟೆಯ ಅಂಗಡಿಗಳವರೆಲ್ಲ ನೋಡುತ್ತಿದ್ದಂತೆ ಆ ಮನೆಗೆ ನಡೆದೆ. ಸಾಹೇಬರ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಗಿಡವಿಲ್ಲ, ಕಲ್ಲಿಲ್ಲ, ಬರೀ ನೆಲ. ಎರಡು ಮೊಳ ಜಾಗ ಗುಡಿಸಿತ್ತು. ದಿನಾ ಗುಡಿಸುತ್ತೇನೆ ಎಂದಳು.

ಆಮೇಲೆ ಅವರೊಡನೆ ಮೂವತ್ತು ವರ್ಷ ಸಂಸಾರ ಮಾಡಿದೆ. ಅವರು ಲಾಜ್ ಬಿಟ್ಟರು, ಸಾಹೇಬರು ನಮ್ಮ ಪಡಸಾಲೆಗೆ ಬರುವುದನ್ನು ಬಿಟ್ಟರು. ಮಕ್ಕಳಾದವು, ಒಂದು ಹೆಣ್ಣೂ ಆಯಿತು. ಅದನ್ನು ಎತ್ತಿಕೊಂಡು ಅವರು ಮೊಟ್ಟಮೊದಲು ನಕ್ಕ ದಿನ, ಅವರ ಕಿವಿಯ ಹತ್ತಿರ ಹೋಗಿ ಹೇಳಿದೆ: "ಇದು ಎರಡನೇ ಹೆಣ್ಣು."