ಪಾರ್ವತೆಮ್ಮನ ಪಡಸಾಲೆಯ ಹಗೇವು

ಶಹಾಪುರದ ಅಗಸಿ ಓಣಿಯಲ್ಲಿ ಮನೆ ಸಿಗುವುದೆಂದರೆ ಸುಲಭದ ಮಾತಲ್ಲ. ಬಜಾರ ಕೂಗಳತೆಯಲ್ಲಿ, ಬಸ್ ಸ್ಟ್ಯಾಂಡು ಕಾಲ್ನಡಿಗೆಯಲ್ಲಿ. ಕಾಲುವೆ ಬಂದು ಸುತ್ತಲ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ ಜನರ ಕೈಯಲ್ಲಿ ದುಡ್ಡು ಓಡಾಡಿದ ಮೇಲಂತೂ ಕಂಡಕಂಡವರಿಗೆಲ್ಲ ಅಲ್ಲೇ ಮನೆ ಬೇಕು. ಓಣಿಯ ಒಂದು ಬದಿಗೆ ಹನ್ನೊಂದು ಹಳೆಯ ಮನೆಗಳ ಸಾಲು. ಎರಡೆರಡು ಮನೆಗೆ ಒಂದೇ ನಡುಗೋಡೆ. ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡು, ಈ ತುದಿಯಲ್ಲಿ ಹತ್ತಿದ ಬೆಕ್ಕು ಆ ತುದಿಯಲ್ಲಿ ಇಳಿಯುತ್ತಿತ್ತು. ಒಬ್ಬರ ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಿದ್ದರು.

ಸಾಲಿನ ಐದನೆಯ ಮನೆ ಅಂಬ್ರಪ್ಪನದು. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಜವಾನನಾಗಿ ದುಡಿದು ನಿವೃತ್ತನಾದವನು. ಮನೆ ಕೊಳ್ಳಲು ಬಂದವರಿಗೆಲ್ಲ ಅವನದು ಒಂದೇ ಮಾತು.

"ಮಾರೂದಿಲ್ರಿ. ಚಾ ಕುಡದು ಹೋಗ್ರಿ."

ಆ ಚಹಾ ಮಾಡುವವಳು ಅವನ ಹೆಂಡತಿ ಪಾರ್ವತೆಮ್ಮ. ಪ್ರತಿ ಸಲವೂ ಬೋಗುಣಿಯನ್ನು ಒಲೆಯ ಮೇಲೆ ಕುಕ್ಕಿ ಇಡುತ್ತಿದ್ದಳು. ಈ ಮನೆಯಿಂದ ಹೊರಬಿದ್ದರೆ ಸಾಕಾಗಿತ್ತು ಅವಳಿಗೆ. ಇಪ್ಪತ್ತೆಂಟು ವರ್ಷಗಳಿಂದ ಅವಳು ಬಯಸಿದ್ದು ಅದೊಂದನ್ನೇ, ಬಾಯಿ ಬಿಟ್ಟು ಕೇಳದೆ ಉಳಿದದ್ದೂ ಅದೊಂದನ್ನೇ.

ಕಾರಣ ಪಡಸಾಲೆಯ ನಟ್ಟನಡುವೆ ಇತ್ತು. ಅಲ್ಲಿ ನೆಲದಡಿ ಒಂದು ಹಗೇವು, ಜೋಳ ತುಂಬಿಡುವ ಆಳದ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟೇ ಅಗಲ, ಒಳಗೆ ಹೊಟ್ಟೆ ಕೋಣೆಯಷ್ಟು ದೊಡ್ಡದು. ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿದ್ದರು. ಪಾರ್ವತೆಮ್ಮ ಮನೆಯೆಲ್ಲ ಗುಡಿಸುವಳು, ಆ ಬಂಡೆಯನ್ನು ಮಾತ್ರ ಗುಡಿಸಳು. ಅದರ ಮೇಲೆ ಕಾಲಿಡಳು. ಮಧ್ಯಾಹ್ನ ಬೆಳಕಿಂಡಿಯ ಬಿಸಿಲು ಬಂಡೆಯ ಮೇಲೆ ಬೀಳುವ ಹೊತ್ತಿಗೆ ಅವಳಿಗೆ ಕೆಳಗಿನಿಂದ ಜೋಳ ಮೊಗೆಯುವ ಸದ್ದು ಕೇಳುತ್ತಿತ್ತು. ಪಕ್ಕದ ಮನೆಯ ಭೀಮಾಬಾಯಿ ಅದಕ್ಕೆ ನಕ್ಕು, "ಕಾಲುವಿ ನೀರು ಬಂದಾಗಿಂದ ಎಲ್ಲಾರ ಮನ್ಯಾಗೂ ನೆಲ ಜಿನಗತೈತಿ, ಅದರ ಸಪ್ಪಳ ಬಿಡ್ರಿ" ಎನ್ನುವಳು. ಇರಬಹುದು. ಆದರೆ ಜಿನುಗುವ ನೀರು ಅತ್ತಿಗೆ ಎಂದು ಕರೆಯುವುದಿಲ್ಲವಲ್ಲ! ಪಾರ್ವತೆಮ್ಮನಿಗೆ ಸದ್ದಿನ ಬೆನ್ನಿಗೆ ಮಾತೂ ಕೇಳುತ್ತಿತ್ತು.

"ಇಳೀಲೇನ್ರಿ, ವೈನಿ?"

ಅದು ಲಾಲಮ್ಮನ ದನಿ. ಅಂಬ್ರಪ್ಪನ ತಂಗಿ, ಹದಿನೇಳು ವರ್ಷದವಳು, ಆ ಹಗೇವಿನಲ್ಲೇ ಸತ್ತವಳು.

ಪಾರ್ವತೆಮ್ಮ ತಿಂಥಣಿಯ ಹೆಣ್ಣು. ಹೊಳೆದಂಡೆಯ ಊರು, ಅಪ್ಪ ಮೀನು ಹಿಡಿಯುತ್ತಿದ್ದ. ಅಲ್ಲಿ ನೆಲ ಅಗೆದರೆ ನೀರೇ ಬರುವಾಗ ಹಗೇವು ಎಲ್ಲಿಂದ ಬಂದೀತು? ಮದುವೆಯಾಗಿ ಶಹಾಪುರಕ್ಕೆ ಬಂದ ಮೇಲೇ ಅವಳು ಅದನ್ನು ಕಂಡದ್ದು. ಹಗೇವು ತೆಗೆದಾಗ ಒಂದು ದೀಪವನ್ನು ಒಳಗೆ ಇಳಿಸುವ ಪದ್ಧತಿಯನ್ನೂ ಆಗಲೇ ನೋಡಿದ್ದು. ಅತ್ತೆ ಹಣಮಮ್ಮ ದೀಪಕ್ಕೆ ಕುಂಕುಮ ಇಟ್ಟು, ಕೈ ಮುಗಿದು ಇಳಿಸುತ್ತಿದ್ದಳು. ಕಾಳಿನ ಲಕ್ಷ್ಮಿಗೆ ಪೂಜೆ ಇರಬೇಕು ಎಂದುಕೊಂಡಳು ಸೊಸೆ. ಮುಚ್ಚಿಟ್ಟ ಕಾಳಿನಿಂದ ವಿಷಗಾಳಿ ಏಳುತ್ತದೆ, ದೀಪ ಆರಿದರೆ ಇಳಿಯಬಾರದು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಇಂಥ ಮಾತು ಹುಟ್ಟಿದ ಮಗುವಿಗೂ ಗೊತ್ತು ಎಂದೇ ಆ ಮನೆಯವರ ಭಾವನೆ.

ಲಾಲಮ್ಮ ಸತ್ತದ್ದು ಶಾಖಾ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವಾರ. ನೀರು ಬಂದ ಮರುದಿನ ಸಗರದಿಂದ ಅವಳನ್ನು ನೋಡಲು ಬೀಗರು ಬರುವವರಿದ್ದರು. ಹಗೇವಿನ ಬಾಯಿ ತೆಗೆದು ಗಾಳಿಯಾಡಲು ಬಿಡು ಎಂದು ಅಂಬ್ರಪ್ಪನಿಗೆ ಅವನ ಅಪ್ಪ ಹೇಳಿದ್ದರೂ ಅವನು ಊರ ಜನರ ಜೊತೆ ನೀರು ನೋಡಲು ಹೋಗಿಬಿಟ್ಟ. ಬಂಡೆ ಸರಿಸಿದ್ದು ಮರುದಿನ ಮುಂಜಾನೆ. ಹಣಮಮ್ಮ ಹಿತ್ತಲಿನಿಂದಲೇ ಕೂಗಿದಳು, "ಪಾರವ್ವಾ, ದೀಪಾ ಇಳಿಸು, ಆಮ್ಯಾಲೆ ಜ್ವಾಳಾ ತಗೀರಿ."

ಪಾರ್ವತೆಮ್ಮ ಅಂದೇ ಬೆಳಿಗ್ಗೆ ಹೊರಗಾಗಿದ್ದಳು. ಬೀಗರು ಬರುವ ದಿನ ಮೂಲೆ ಹಿಡಿದರೆ ಅತ್ತೆ ಸುಮ್ಮನಿರುತ್ತಾಳೆಯೇ? ಬಾಯಿ ಮುಚ್ಚಿಕೊಂಡು ಅಡಿಗೆಗೆ ನಿಂತಿದ್ದಳು. ಅಷ್ಟು ತಪ್ಪು ಮಾಡಿಯಾಗಿದೆ, ಇನ್ನು ಈ ಕೈಯಿಂದ ಲಕ್ಷ್ಮಿಯ ದೀಪವನ್ನೂ ಮುಟ್ಟುವುದೇ? ಮುಟ್ಟಲಿಲ್ಲ. ಲಾಲಮ್ಮ ಸೀರೆ ಎತ್ತಿ ಕಟ್ಟಿ, ಬುಟ್ಟಿ ಹಿಡಿದು ಬಾಯಂಚಿನಲ್ಲಿ ಕೂತು ಕೇಳಿದಳು.

"ಇಳೀಲೇನ್ರಿ, ವೈನಿ?"

"ದೀಪಾ ಇಳಿಸೀನಿ, ಚಂದ ಉರದೈತಿ. ಇಳಿ."

ಒಂದೇ ಒಂದು ಬುಟ್ಟಿ ಮೊಗೆದ ಸದ್ದು ಬಂತು. ಎರಡನೆಯದು ಬರಲಿಲ್ಲ.

ಹೆಣ ಮೇಲೆ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ದೀಪ ಇಳಿಸಿದ್ದಿರೇನು? ಆಗ ಪಾರ್ವತೆಮ್ಮನಿಗೆ ದೀಪ ಎಂದರೆ ಏನೆಂದು ತಿಳಿಯಿತು. "ಇಳಿಸಿದ್ದೆ, ಉರೀತು" ಎಂದಳು. ಉಳಿದ ಜೋಳವನ್ನು ಯಾರೂ ತೆಗೆಯಲಿಲ್ಲ. ಹಾಗೇ ಬಂಡೆ ಮುಚ್ಚಿದರು. ದೀಪ ಉರಿದೂ ಹುಡುಗಿ ಸತ್ತಳೆಂದರೆ ತಪ್ಪು ತಡವಾಗಿ ಬಾಯಿ ತೆಗೆದವನದೇ ಎಂದಾಯಿತು. ಹಣಮಮ್ಮ ಸಾಯುವವರೆಗೂ ಮಗನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಅಂಬ್ರಪ್ಪ ಬಂಡೆಯ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡ. ಪ್ರತಿ ಅಮಾವಾಸ್ಯೆಗೂ ಬಂಡೆಯ ಮೇಲೆ ಒಂದು ರೊಟ್ಟಿ ಇಟ್ಟ.

"ನನ್ನ ತಪ್ಪಿನಿಂದ ಹೋದಾಕಿ ಅಕಿ. ಅಕಿನ್ನ ಬಿಟ್ಟು ನಾ ಎಲ್ಲಿಗಿ ಹೋಗ್ಲಿ?" ಎನ್ನುತ್ತಿದ್ದ.

ಆ ರೊಟ್ಟಿ ತಟ್ಟಿಕೊಟ್ಟವಳೂ ಪಾರ್ವತೆಮ್ಮನೇ. ಮನುಷ್ಯರು ಎಂಥೆಂಥದನ್ನು ಕೈಯಾರೆ ಮಾಡುತ್ತಾರೆ ನೋಡಿ! ನಿಜ ಹೇಳಿದರೆ ಗಂಡ ಈ ಮನೆಯ ಹಂಗು ಬಿಡುತ್ತಾನೆ, ಅವಳನ್ನೂ ಬಿಡುತ್ತಾನೆ. ಹೇಳದಿದ್ದರೆ ಆ ದನಿಯೊಂದಿಗೆ ಇಲ್ಲೇ ಬಾಳಬೇಕು. ಅವಳು ದನಿಯನ್ನೇ ಆರಿಸಿಕೊಂಡಿದ್ದಳು.

ಈ ವರ್ಷ ಬಟ್ಟೆ ವ್ಯಾಪಾರಿ ಅಮೀನುದ್ದೀನ ಬಂದ. ಹಗೇವಿನ ಕಥೆ ಕೇಳಿ ಹಿಂದಿನವರೆಲ್ಲ ಅರ್ಧ ಚಹಾ ಬಿಟ್ಟು ಓಡಿದ್ದರು. ಇವನು ಪೂರ್ತಿ ಕುಡಿದ.

"ಅದನ್ನ ತೆಗದು ನೋಡೂಣ್ರಿ ಕಾಕಾ. ಎಷ್ಟು ಗಾಡಿ ಮರಂ ಮಣ್ಣು ಹಾಕಿದ್ರ ತುಂಬತೈತಿ, ತಿಳೀತೈತಿ. ನೋಡಾಕ ಏನು?"

ಅಂಬ್ರಪ್ಪ ಬಂಡೆಯ ಕಡೆ ನೋಡಿ, "ತಗೀರಿ" ಎಂದ. ಒಮ್ಮೆ ಒಳಗೆ ನೋಡುವ ಆಸೆ ಅವನಿಗೂ ಇತ್ತೋ ಏನೋ.

ಮರುದಿನ ಮುಂಜಾನೆ ಗೌಂಡಿ ಲಾಡ್ಲೇಸಾಬ ಹಾರೆಯಿಂದ ಬಂಡೆ ಎಬ್ಬಿಸಿದ. ಕೊಳೆತ ಕಾಳಿನ ಕಮಟು ವಾಸನೆ ಮನೆ ತುಂಬಿತು. ಪಾರ್ವತೆಮ್ಮ ಅಡಿಗೆಮನೆಯ ಬಾಗಿಲಿಗೆ ಆತು ನಿಂತಳು. ಲಾಡ್ಲೇಸಾಬ ಹಗ್ಗಕ್ಕೆ ಡಬ್ಬಿ ಕಟ್ಟಿ, ಅದರಲ್ಲಿ ದೀಪ ಇಟ್ಟು ಇಳಿಸಿದ. ಎರಡು ಮೊಳ ಇಳಿಯುವಷ್ಟರಲ್ಲಿ ದೀಪ ಆರಿತು. ಮತ್ತೆ ಹಚ್ಚಿದ. ಮತ್ತೆ ಆರಿತು.

"ಇವತ್ತ ಇಳಿಯೂ ಮಾತ ಇಲ್ರಿ," ಎಂದು ಅವನು ಹಗ್ಗ ಸುತ್ತಿಕೊಂಡ. "ತೆಗದ ದಿನ ಹಿಂಗ ಆಗೂದು."

ಅಂಬ್ರಪ್ಪನ ಮುಖ ಬದಲಾಯಿತು. "ಅವತ್ತೂ ಹಿಂಗಾ ಮುಂಜಾನೆ ತೆಗದಿದ್ದೆ. ಅವತ್ತ ಉರೀತಲ್ಲ?"

"ಉರಿಯಾಕ ಸಾಧ್ಯನ ಇಲ್ರಿ ಕಾಕಾ. ಮಂದಿನ್ನ ಕೊಲ್ಲೂ ಗಾಳ್ಯಾಗ ದೀಪಾ ಹೆಂಗ ಉರೀತೈತಿ?"

ಅಂಬ್ರಪ್ಪ ಹೆಂಡತಿಯ ಕಡೆ ತಿರುಗಿದ. ಆವತ್ತಿನ ಗಾಳಿಯೇ ಬೇರೆ, ಆವತ್ತಿನ ಕಾಳೇ ಬೇರೆ ಎಂದು ಅವಳು ಹೇಳಬಹುದಿತ್ತು. ಮಾತು ನಾಲಗೆಯ ತುದಿಗೂ ಬಂದಿತ್ತು. ಆದರೆ ಹಗೇವಿನ ತೆರೆದ ಬಾಯಂಚಿನಲ್ಲಿ ಸೀರೆ ಎತ್ತಿ ಕಟ್ಟಿದ ಹುಡುಗಿಯೊಬ್ಬಳು ಕೂತು ತನ್ನನ್ನೇ ನೋಡುತ್ತಿದ್ದಾಳೆ ಎನಿಸಿತು ಪಾರ್ವತೆಮ್ಮನಿಗೆ.

"ಇಳಿಸಿದ್ದಿಲ್ರಿ," ಎಂದಳು.

ಆಮೇಲೆ ನಿಲ್ಲಲಿಲ್ಲ. ಪರರ ಎದುರೇ, ನಾಚಿಕೆ ಬಿಟ್ಟು, ಹೊರಗಾದದ್ದು, ಅತ್ತೆಗೆ ಅಂಜಿದ್ದು, ಪೂಜೆ ಎಂದುಕೊಂಡದ್ದು ಎಲ್ಲವನ್ನೂ ಹೇಳಿದಳು. ಲಾಡ್ಲೇಸಾಬ ತಲೆ ತಗ್ಗಿಸಿದ. ಅಮೀನುದ್ದೀನ ಮೆಲ್ಲಗೆ ಎದ್ದು ಕಟ್ಟೆಗೆ ಹೋಗಿ ಕೂತ. ಅಂಬ್ರಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಹೊತ್ತು ಏರಿದ ಮೇಲೆ ಹೊರಗೆ ಬಂದು ಅಮೀನುದ್ದೀನನನ್ನು ಕೇಳಿದ.

"ಕಾಗದಾ ಯಾವಾಗ ಮಾಡಸ್ತಿ?"

ಹನ್ನೆರಡು ದಿನಕ್ಕೆ ರಿಜಿಸ್ಟ್ರಿ. ಅಷ್ಟೂ ದಿನ ಅಂಬ್ರಪ್ಪ ನೀಡಿದ್ದನ್ನು ಉಂಡ, ಕೇಳಿದ್ದಕ್ಕೆ ಹ್ಞೂಂ ಎಂದ. ಪಾರ್ವತೆಮ್ಮ ಪಾತ್ರೆ ಪಗಡೆ ಕಟ್ಟಿದಳು. ಗಂಡ ತನ್ನನ್ನು ಹೊಸ ಮನೆಗೆ ಕರೆದೊಯ್ಯುತ್ತಾನೋ ತಿಂಥಣಿಯ ಬಸ್ಸು ಹತ್ತಿಸುತ್ತಾನೋ ತಿಳಿಯದೆ, ಎರಡು ಗಂಟು ಬೇರೆ ಬೇರೆ ಕಟ್ಟಿದಳು.

ಕಚೇರಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ಮುಂದೆ ಐದಾರು ಮಂದಿ ಸರದಿಯಲ್ಲಿದ್ದರು. ಆಗ ಅಂಬ್ರಪ್ಪ ಮೊದಲ ಬಾರಿಗೆ ತಾನಾಗಿ ಬಾಯಿ ಬಿಟ್ಟ.

"ಹೇಳಾಕ ಅಂಜಿದ್ದೇನು?"

"ಹೌದ್ರಿ."

"ನನಗೇನು?"

"ಇಲ್ರಿ. ನೀವು ಒಂದಿನಾ ಕೈ ಎತ್ತಿದವರಲ್ಲ. ನಿಮ್ಮವ್ವಗ ಅಂಜಿದ್ದೆ. ಅಕಿ ನನ್ನ ಉಳಸ್ತಿದ್ದಿಲ್ಲ."

ಅಂಬ್ರಪ್ಪ ಅದನ್ನು ಒಪ್ಪಿದವನಂತೆ ತಲೆಯಾಡಿಸಿದ. ಅವನ ಅವ್ವ ಹಾಗೇ ಇದ್ದಳು. ಪಾರ್ವತೆಮ್ಮನ ಎದೆ ತುಸು ಹಗುರವಾಯಿತು.

"ಅವ್ವ ಸತ್ತು ಹದಿನೆಂಟು ವರ್ಷಾತಲ್ಲ, ಪಾರವ್ವಾ," ಎಂದ ಅವನು.

ಒಳಗಿನಿಂದ ಹೆಸರು ಕೂಗಿದರು. ಅಂಬ್ರಪ್ಪ ಎದ್ದು ಸಹಿ ಮಾಡಲು ಹೋದ.