ಹೊಗೆ ಓದುತ್ತಿದ್ದ ದಾವಲಣ್ಣ

ಹೊಗೆ ಕಂಡರೆ ಸಾಕು, ಅದು ಯಾರ ಒಲೆಯದು, ಒಲೆಗೆ ಏನಿಟ್ಟಿದ್ದಾರೆ ಎಂಬುದನ್ನು ದಾವಲಣ್ಣ ಹೇಳಿಬಿಡುತ್ತಿದ್ದ. “ಅದು ಗೌರವ್ವನ ಮನಿದು ನೋಡು. ಹಸಿ ಜಾಲಿ ಕಟಗಿ ಇಟ್ಟಾಳ. ಊದಿ ಊದಿ ಸಾಕಾಗಿ ಈಗ ಗಂಡಗ ಬೈಯಾಕ ಸುರು ಮಾಡ್ತಾಳ,” ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಗೌರವ್ವನ ದನಿ ಮೇಲಿನವರೆಗೂ ಕೇಳಿಸುತ್ತಿತ್ತು.

ಮೇಲೆ ಅಂದರೆ ಹುಡೇವಿನ ಮೇಲೆ. ಟಿಕೋಟಾ ಮತ್ತು ಬಬಲೇಶ್ವರದ ನಡುವಿನ ನಮ್ಮೂರಿನಲ್ಲಿ ಹಳೆಯ ಕಾಲದ ಕಲ್ಲಿನ ಕಾವಲು ಗೋಪುರವೊಂದಿದೆ. ಅದನ್ನೇ ನಾವು ಹುಡೇವು ಎನ್ನುವುದು. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಬರ ಕಳೆದು ಜೋಳ ಚೆನ್ನಾಗಿ ಬಂದಿತ್ತು, ಊರ ಸುತ್ತ ಕಣಕಿಯ, ಅಂದರೆ ಒಣಗಿದ ಜೋಳದ ದಂಟಿನ, ಬಣವಿಗಳು ಎದ್ದಿದ್ದವು. ದನಗಳಿಗೆ ವರ್ಷವಿಡೀ ಅದೇ ಮೇವು. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಎಲ್ಲ ಬೂದಿ. ದಿನಕ್ಕೊಬ್ಬರು ಹುಡೇವು ಹತ್ತಿ ಕಾಯಬೇಕು, ಬೆಂಕಿ ಕಂಡರೆ ಅಲ್ಲಿ ತೂಗುಬಿಟ್ಟ ರೈಲು ಹಳಿಯ ತುಂಡನ್ನು ಬಾರಿಸಬೇಕು ಎಂದು ಹೇಳಿದವನು ನಾನು. ವಿಜಾಪುರದಲ್ಲಿ ಬಿ.ಎ. ಮುಗಿಸಿ ನೌಕರಿಯ ದಾರಿ ಕಾಯುತ್ತಿದ್ದೆ. ಪಾಳಿಯ ಪಟ್ಟಿಯನ್ನು ದುಂಡಗೆ ಬರೆದು ಚಾವಡಿಗೆ ಅಂಟಿಸಿದ್ದೂ ನಾನೇ.

ಹೆಸರು ಮಾತ್ರ ದಾವಲಣ್ಣನಿಗೆ ಬಂತು. ಅವನು ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವ. ಇಡೀ ದಿನ ತಿದಿ ಒತ್ತಿ, ಕೆಂಡದ ಮುಂದೆ ಕುಳಿತು, ಬಲಗಡೆಯ ಮೀಸೆ ಸುಟ್ಟು ಅರ್ಧವಾಗಿತ್ತು. ಓದು ಬಾರದು. ಆದರೂ ಅವನ ಪಾಳಿ ಬಂದ ದಿನ ಜನ, “ಇವತ್ತ ದಾವಲ ಕುಂತಾನ, ನಿಶ್ಚಿಂತಿ,” ಎಂದು ಹೊಲಕ್ಕೆ ಹೋಗುತ್ತಿದ್ದರು. ನನ್ನ ಪಾಳಿಯ ದಿನ ಯಾರೂ ಹಾಗೆ ಅಂದದ್ದು ನಾನು ಕೇಳಲಿಲ್ಲ. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ನಮ್ಮಪ್ಪ ಮಿತಭಾಷಿ, ನನ್ನನ್ನು ಒಂದು ದಿನವೂ ಹೊಗಳಿದವನಲ್ಲ. ಅಂಥವನು ದಾವಲಣ್ಣನ ಪಾಳಿಗೆ ತಾನೇ ಮಜ್ಜಿಗೆಯ ತಂಬಿಗೆ ಹಿಡಿದು ಹುಡೇವು ಹತ್ತಿ, ತಾಸುಗಟ್ಟಲೆ ನಗುತ್ತಾ ಕೂಡುತ್ತಿದ್ದ. ಆ ನಗು ಕೇಳಿದಾಗ ನನ್ನ ಹೊಟ್ಟೆಯಲ್ಲಿ ಏನೋ ಹೊತ್ತಿಕೊಳ್ಳುತ್ತಿತ್ತು.

ಒಂದು ದಿನ, ನನ್ನ ಪಾಳಿಯಲ್ಲಿ, ಕರೆಯದೆಯೇ ಅವನು ಮೇಲೆ ಬಂದ.

“ಗಾಳಿ ಭಾಳ ಐತಿ ತಮ್ಮಾ. ಇಬ್ಬರಿದ್ರ ಛಲೋ.”

ನನ್ನ ಮೇಲೆ ನಂಬಿಕೆಯಿಲ್ಲ ಎಂದೇ ನಾನು ತಿಳಿದೆ. ಮಧ್ಯಾಹ್ನ ನಮಾಜಿಗೆ ಇಳಿಯುವಾಗ ಅವನು ಹೇಳಿದ: “ಏನರ ಕಂಡ್ರ ನಾಕ ಸಲ ನೋಡಿ ಬಾರಸು. ಹೊಗಿ ನಿಂತಲ್ಲೇ ಏಳತೈತಿ, ಧೂಳ ನಡಕೋತ ಹೋಗತೈತಿ.”

“ಗೊತ್ತೈತಿ ಹೋಗು,” ಎಂದೆ.

ಅವನು ಇಳಿದ ಸ್ವಲ್ಪ ಹೊತ್ತಿಗೆ ಪಡುವಣದ ಕಣಗಳ ಕಡೆ ಬೂದುಬಣ್ಣದ್ದೊಂದು ಎದ್ದಿತು. ದಾವಲಣ್ಣ ಇಲ್ಲದಾಗ ಬೆಂಕಿ ಕಂಡವನು ನಾನು ಎಂಬುದೊಂದೇ ತಲೆಯಲ್ಲಿತ್ತು. ಎರಡನೆಯ ಸಲ ನೋಡಲಿಲ್ಲ. ಕೈಯಲ್ಲಿದ್ದ ಕಬ್ಬಿಣದ ಸಲಾಕಿಯಿಂದ ಹಳಿಯನ್ನು ಬಾರಿಸಿ, ಪಡುವಣಕ್ಕೆ ಕೈ ಮಾಡಿ ಕೂಗಿದೆ. ಊರಿಗೆ ಊರೇ ಕೊಡ ಹೊತ್ತು ಓಡಿತು.

ಅದು ಸುಳಿಗಾಳಿ. ನೋಡನೋಡುತ್ತ ಹೊಲ ದಾಟಿ ನಡೆದುಹೋಯಿತು.

ಅಷ್ಟರಲ್ಲಿ ದಾವಲಣ್ಣ ಏದುಸಿರು ಬಿಡುತ್ತಾ ಮೇಲೆ ಬಂದಿದ್ದ. ಪಡುವಣಕ್ಕೆ ನೋಡಲೇ ಇಲ್ಲ. ಮೂಡಣಕ್ಕೆ ತಿರುಗಿ, “ಯಾ ಅಲ್ಲಾ! ಅಲ್ಲಿ!” ಎಂದು ನನ್ನ ಕೈಯಿಂದ ಸಲಾಕಿ ಕಿತ್ತುಕೊಂಡ. ಎಳೆಯಂತೆ ತೆಳ್ಳಗಿನ ನೀಲಿ ಹೊಗೆ. ಅದು ನಮ್ಮದೇ ಬಣವಿ. ಯಾರೋ ಸೇದಿ ಎಸೆದ ಬೀಡಿ ಇರಬೇಕು. ಜನ ಊರಿನ ಆ ತುದಿಯಿಂದ ಈ ತುದಿಗೆ ಓಡಿಬರುವಷ್ಟರಲ್ಲಿ ಅರ್ಧ ಬಣವಿ ಹೋಗಿತ್ತು. ಪಕ್ಕದ ಬಣವಿಗಳು ಉಳಿದವು.

ಬೂದಿಯ ಮುಂದೆ ಯಾರೋ ಸಿಟ್ಟಿನಿಂದ ಕೇಳಿದರು: “ಮೊದಲ ಆ ಕಡಿ ಓಡಿಸಿದವ ಯಾವನಲೇ?”

ನಾನು ಕೊಡ ಹಿಡಿದವರ ಹಿಂದೆ ಸರಿದೆ. ದಾವಲಣ್ಣ ಮುಂದೆ ಬಂದ.

“ನಾನ ಬಾರಸು ಅಂದೆರಿ. ನನ್ನ ಕಣ್ಣ ತಪ್ಪಿತು.”

ನಮ್ಮಪ್ಪ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಬೂದಿ ಕೆದಕಲು ಬಗ್ಗಿದ. ಜನ, “ದಾವಲಗೂ ವಯಸ್ಸಾತು,” ಎಂದು ಗೊಣಗುತ್ತಾ ಚದುರಿದರು. ನಿಜ ಹೇಳುತ್ತೇನೆ, ಆ ಮಾತು ನನಗೆ ಹಿತವಾಗಿತ್ತು. ಉಪಕಾರ ಮಾಡಿದವನ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು. ದೊಡ್ಡತನದಲ್ಲೂ ನನ್ನನ್ನು ಮೀರಿಸಿದನಲ್ಲ ಎಂದು ಇನ್ನೂ ಹೆಚ್ಚಾಯಿತು. ಮುಂದಿನ ವಾರದ ಪಟ್ಟಿಯಲ್ಲಿ ದಾವಲಣ್ಣನ ಹೆಸರಿನ ಮುಂದೆ ಮಾತ್ರ ಇನ್ನೊಬ್ಬನ ಹೆಸರು ಸೇರಿಸಿದೆ, ಅವನನ್ನು ಕಾಯಲು ಇನ್ನೊಬ್ಬ ಬೇಕು ಎಂಬಂತೆ. ಅವನು ಚಾವಡಿಗೆ ಬಂದು ನನ್ನಿಂದಲೇ ಪಟ್ಟಿಯನ್ನು ಓದಿಸಿದ. ಓದಿದೆ.

“ಛಲೋ ಆತು ತಮ್ಮಾ, ಮಾತಿಗೆ ಜೋಡಿ ಸಿಕ್ತು,” ಎಂದು ನಕ್ಕ.

ಆಮೇಲೆ ನನಗೆ ಬಬಲೇಶ್ವರದ ಕಡೆ ಮಾಸ್ತರಿಕೆ ಸಿಕ್ಕಿತು. ಮನೆಮನೆಗೆ ಸ್ಟೀಲಿನ ಪಾತ್ರೆ ಬಂದು ಕಲಾಯಿಯ ಕೆಲಸ ನಿಂತಿತು. ದಾವಲಣ್ಣ ವಿಜಾಪುರ ಸೇರಿದ. ಐದಾರು ವರ್ಷದ ಮೇಲೆ ಸ್ಟೇಷನ್ ರಸ್ತೆಯ ಅಂಚಿನಲ್ಲಿ ಸ್ಟೋವ್ ರಿಪೇರಿ ಮಾಡುತ್ತಾ ಕುಳಿತದ್ದು ಕಂಡೆ. ಕಣ್ಣಿಗೆ ಪೊರೆ ಬಂದಿತ್ತು. ನಾನು ಮಾತಾಡಿದ ಮೇಲೆಯೇ ಗುರುತು ಸಿಕ್ಕಿದ್ದು. ಪಕ್ಕದ ಬಾಳೆಹಣ್ಣಿನವಳಿಗೆ ಕೂಗಿ ಹೇಳಿದ: “ನಮ್ಮೂರ ಮಾಸ್ತರ ಬೇ! ಭಾಳ ಶಾಣ್ಯಾ. ಊರ ಬಣವಿಗೆಲ್ಲಾ ಕಾವಲಾ ಹಾಕಿಸಿದವ ಇವನ!”

ಹಳಿ ಬಾರಿಸಿದ ದಿನದ ಮಾತು ಎತ್ತಬೇಕೆಂದಿದ್ದೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಮುಂದಿನ ಬೇಸಿಗೆಯಲ್ಲಿ, ಸೊಲ್ಲಾಪುರದ ಮಗಳ ಮನೆಯಲ್ಲಿ ಅವನು ತೀರಿಕೊಂಡ ಸುದ್ದಿ ಬಂತು. ಅಪ್ಪ ತಾಟಿನ ಮುಂದಿನಿಂದ ಊಟ ಬಿಟ್ಟು ಎದ್ದ. ಕಟ್ಟೆಯ ಮೇಲೆ ಅವನ ಪಕ್ಕ ಕುಳಿತು, “ಯಪ್ಪಾ, ಅವತ್ತ ಬಾರಿಸಿದಾಗ ದಾವಲಣ್ಣ ಮ್ಯಾಲ ಇರಲೇ ಇಲ್ಲ,” ಎಂದೆ.

“ಗೊತ್ತೈತಿ,” ಎಂದ ಅಪ್ಪ. “ಆವಾಗ ಮಸೂತಿ ಮುಂದ ಕಾಲ ತೊಳಕೊಳ್ಳಾಕತ್ತಿದ್ದ. ನಾ ಅಲ್ಲೇ ನಿಂತಿದ್ದೆ. ಅವತ್ತ ರಾತ್ರಿ ‘ನಿಮ್ಮ ಮಗನ್ನ ಕೇಳಬ್ಯಾಡ್ರಿ, ಅವನ ತಾನ ಹೇಳ್ತಾನ’ ಅಂತ ನನ್ನ ಕಡಿಂದ ಮಾತ ತಗೊಂಡಿದ್ದ.”

ನನ್ನ ಕಡೆ ತಿರುಗದೆಯೇ ಮತ್ತೆ ಅಂದ:

“ಇದನ್ನ ಅವನ ಮುಂದ ಹೇಳಬೇಕಾಗಿತ್ತಲೇ.”